ಕೈಗೆ ಬಿಡುವಿಲ್ಲದ ಊಟ

ಮೊದಲ ತಟ್ಟೆ ಬಂದು ಬಹಳ ಹೊತ್ತಾಗಿದ್ದರೂ ಅವಳು ಒಂದು ತುತ್ತನ್ನೂ ಬಾಯಿಗಿಟ್ಟಿರಲಿಲ್ಲ. ಪಕ್ಕದಲ್ಲಿ ಕೂತ ಆಕೆ, ಅಪ್ಪನ ಅತಿಥಿ, ಮಾತಾಡಿದರೆ ಅದನ್ನು ಎದುರಿಗೆ ಕೂತ ಅಪ್ಪನಿಗೆ ಮುಟ್ಟಿಸಲು ಅವಳ ಕೈ ಬೇಕಿತ್ತು. ಹುಟ್ಟಿನಿಂದ ಕಿವಿ ಕೇಳಿಸದ ಅಪ್ಪ ಕೈಯಾಡಿಸಿದರೆ ಅದನ್ನು ಆಕೆಗೆ ಮುಟ್ಟಿಸಲು ಅವಳ ಬಾಯಿ ಬೇಕಿತ್ತು. ಇಬ್ಬರಲ್ಲಿ ಯಾರಾದರೊಬ್ಬರು ಏನನ್ನಾದರೂ ಹೇಳುತ್ತಲೇ ಇದ್ದರು. ನಡುನಡುವೆ ಇಬ್ಬರೂ ಸುಮ್ಮನಾಗಿ ತಿನ್ನತೊಡಗಿದಾಗ, ಈಗಲಾದರೂ ಎಂದು ಅವಳು ಬ್ರೆಡ್ಡಿನ ತುಂಡಿಗೆ ಕೈ ಹಾಕುವಷ್ಟರಲ್ಲಿ ಅಪ್ಪನ ಬೆರಳುಗಳು ಮೇಲೆದ್ದಿರುತ್ತಿದ್ದವು, ಇಲ್ಲವೇ ಪಕ್ಕದಲ್ಲಿ ಆಕೆ ಗಂಟಲು ಸರಿಪಡಿಸಿಕೊಳ್ಳುವ ಸಣ್ಣ ಸದ್ದು. ಸುಟ್ಟ ಬ್ರೆಡ್ಡಿನ ಮೇಲೆ ಹೆಚ್ಚಿದ ಟೊಮೇಟೊ, ಅದರ ಮೇಲೆ ಒಂದು ಹಸಿರೆಲೆ. ಟೊಮೇಟೊದ ನೀರಿಳಿದು ಬ್ರೆಡ್ಡು ಮೆತ್ತಗಾಗುತ್ತಿರುವುದು ಅವಳಿಗೆ ಕಣ್ಣಂಚಿನಲ್ಲಿ ಕಾಣುತ್ತಿತ್ತು. ನೇರ ನೋಡುವಂತಿರಲಿಲ್ಲ. ಕಣ್ಣು ಅಪ್ಪನ ಕೈಯ ಮೇಲಿಂದ ಸರಿದರೆ ಒಂದು ಮಾತು ಬಿದ್ದುಹೋಗುತ್ತದೆ, ಬಿದ್ದ ಮಾತನ್ನು ಎತ್ತಿಕೊಳ್ಳಲು ಆಮೇಲೆ ಮತ್ತೆ ಕೇಳಬೇಕು, ಮತ್ತೆ ಕೇಳುವುದೆಂದರೆ ಅವಳ ಕಸುಬಿನಲ್ಲಿ ಎಡವಿದ ಹಾಗೆ.

ಕೂತ ಜಾಗವೂ ಅಂಥದೇ. ಗೋಡೆಗೆ ಸೇರಿಸಿದ ಉದ್ದನೆಯ ಬೆಂಚಿನ ಒಳತುದಿ ಅವಳದು. ಏಳಬೇಕೆಂದರೆ ಹೊರತುದಿಯಲ್ಲಿ ಕೂತ ಆಕೆಯನ್ನು ಎಬ್ಬಿಸಬೇಕು. ಎದುರಿನ ಕುರ್ಚಿಯಲ್ಲಿ ಅಪ್ಪ. ಅಪ್ಪನ ಬೆನ್ನ ಹಿಂದೆ ನೆಲದಿಂದ ಸೂರಿನವರೆಗೆ ಗಾಜು, ಗಾಜಿನಾಚೆ ಮರದ ಹಲಗೆ ಹಾಸಿದ ಕಟ್ಟೆ, ಕಟ್ಟೆಯಾಚೆ ಕೆರೆ. ಮಧ್ಯಾಹ್ನದ ನೀರು ತಗಡಿನಂತೆ ಹೊಳೆದು ಬೆಳಕನ್ನೆಲ್ಲ ಒಳಕ್ಕೆ ಎಸೆಯುತ್ತಿತ್ತು. ಬೆಳಕು ಹಿಂದಿನಿಂದ ಬಂದರೆ ಕೈ ಕಪ್ಪಗೆ ಕಾಣುತ್ತದೆ, ಬೆರಳು ಬೆರಳು ಬಿಡಿಸಿ ಓದಬೇಕು. ಕೋರ್ಟಿನಲ್ಲೋ ಆಸ್ಪತ್ರೆಯಲ್ಲೋ ಆಗಿದ್ದರೆ ದಯವಿಟ್ಟು ಜಾಗ ಬದಲಾಯಿಸಿ ಎಂದು ಕೂರುವ ಮೊದಲೇ ಹೇಳುತ್ತಿದ್ದಳು. ಸನ್ನೆಯ ದುಭಾಷಿ ಹಾಗೆ ಹೇಳಿದರೆ ನ್ಯಾಯಾಧೀಶರೂ ಎದ್ದು ಪರದೆ ಎಳೆಸುತ್ತಾರೆ. ಇಲ್ಲಿ ಹೇಳಲಿಲ್ಲ. ಊಟಕ್ಕೆ ಎಂದುಕೊಂಡು ಬಂದಿದ್ದಳು. ‘ಕ್ಲಿನಿಕ್ಕಿನ ಮೇಡಂ ರಿಟೈರ್ ಆಗಿದ್ದಾರೆ, ಒಂದು ಊಟ ಹಾಕಿಸೋಣ, ನೀನೂ ಬಾ’ ಎಂದಿದ್ದ ಅಪ್ಪ. ನೀನೂ ಬಾ ಎಂದರೆ ನಿನ್ನ ಕೈ ಬಾಯಿ ತೆಗೆದುಕೊಂಡು ಬಾ ಎಂದರ್ಥ ಎಂಬುದು ಅವಳಿಗೆ ಈ ವಯಸ್ಸಿಗಾದರೂ ಹೊಳೆಯಬೇಕಿತ್ತು.

ಅಪ್ಪ ಹಲ್ಲಿನ ಸೆಟ್ಟು ಮಾಡುತ್ತಿದ್ದವನು. ದವಡೆಯ ಅಚ್ಚುಗಳು ರಸ್ತೆಯಾಚೆಯ ಕ್ಲಿನಿಕ್ಕಿನಿಂದ ಬರುತ್ತಿದ್ದವು, ಅವನ್ನು ಡಬ್ಬಿಯಲ್ಲಿಟ್ಟು ಅಪ್ಪನ ಕೈಗೆ ಕೊಡುತ್ತಿದ್ದವಳು ಅಲ್ಲಿನ ಕೌಂಟರಿನಲ್ಲಿ ಕೂರುತ್ತಿದ್ದ ಆಕೆ. ಆಕೆಗೆ ಅಪ್ಪ ಸನ್ನೆಯಲ್ಲಿ ಇಟ್ಟ ಹೆಸರು ತೋರುಬೆರಳನ್ನು ಕಿವಿಯ ಮೇಲೆ ಹಾಯಿಸುವುದು: ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಳ್ಳುವವಳು. ಮನೆಯಲ್ಲಿ ಆ ಬೆರಳು ಎಷ್ಟೋ ವರ್ಷ ಹಾಗೆ ಹಾದುಹೋಗಿತ್ತು, ಅಮ್ಮ ಇದ್ದಾಗಲೂ. ಯಾರೂ ಅದಕ್ಕೆ ಅರ್ಥ ಹಚ್ಚಿರಲಿಲ್ಲ. ಅವಳಿಗೂ ಹೀಗೊಂದು ಹೆಸರಿತ್ತು, ತುಟಿಯ ಅಂಚನ್ನು ಎರಡು ಸಲ ಮುಟ್ಟುವುದು. ಬಾಯಿ. ಮನೆಯ ಮೂರು ಜನರಲ್ಲಿ ಬಾಯಿ ಇದ್ದವಳು ಅವಳೊಬ್ಬಳೇ ಆದ್ದರಿಂದ ಬೇರೆ ಹೆಸರು ಹುಡುಕುವ ಗೊಡವೆಗೆ ಅಪ್ಪ ಅಮ್ಮ ಹೋಗಿರಲಿಲ್ಲ.

"ಸರ್‌ಗೆ ಇಷ್ಟ ಆಯ್ತಾ ಕೇಳಿ ಮೇಡಂ," ಎಂದ ತಟ್ಟೆ ಎತ್ತಲು ಬಂದ ಮಾಣಿ, ಅಪ್ಪನ ತಲೆಯ ಮೇಲಿಂದ, ಸ್ವಲ್ಪ ಗಟ್ಟಿಯಾಗಿ. ಆಮೇಲೆ ಅವಳ ತಟ್ಟೆ ನೋಡಿ, "ನೀವು ಮುಟ್ಟೇ ಇಲ್ವಲ್ಲ" ಎಂದ.

"ತಗೊಂಡ್ಹೋಗಿ," ಎಂದಳು.

"ಅವಸರ ಏನಿಲ್ಲ. ನಮ್ಮಲ್ಲಿ ಎಲ್ಲ ನಿಧಾನ. ಒಂದಾದ್ಮೇಲೆ ಒಂದು. ಇನ್ನೂ ಸೂಪು, ಆಮೇಲೆ ಪಾಸ್ತಾ, ಆಮೇಲೆ ಬದನೆಕಾಯಿ. ಸಾಯಂಕಾಲದವರೆಗೂ ಕೂತ್ಕೋಬಹುದು."

ಸಾಯಂಕಾಲದವರೆಗೂ ಎಂಬ ಮಾತನ್ನು ಅವಳು ಅಪ್ಪನಿಗೆ ದಾಟಿಸಿದಳು, ಕೈ ಅಭ್ಯಾಸಬಲದಿಂದ ಎದ್ದೇ ಬಿಟ್ಟಿತ್ತು. ಅಪ್ಪ ನಕ್ಕ. ಅಪ್ಪ ಹೊಸ ಅಂಗಿ ಹಾಕಿದ್ದ, ಕಾಲರಿನ ಒಳಗೆ ಅಂಗಡಿಯವರು ಚುಚ್ಚಿದ ಗುಂಡುಸೂಜಿಯೊಂದು ಇನ್ನೂ ಉಳಿದುಕೊಂಡಿತ್ತು. ಅವನು ಕತ್ತು ತಿರುಗಿಸಿದಾಗಲೆಲ್ಲ ಅದು ಮಿಂಚುತ್ತಿತ್ತು. ಜೀವಮಾನವೆಲ್ಲ ಮೀನಿಲ್ಲದೆ ಭಾನುವಾರ ಕಳೆಯದ ಅಪ್ಪ, ಮೀನೂ ಇಲ್ಲದ ಮಾಂಸವೂ ಇಲ್ಲದ ಈ ಇಟಲಿ ಊಟದ ಮನೆಯನ್ನು ಎಲ್ಲಿಂದ ಹುಡುಕಿದನೋ. ಆಕೆ ಅದೊಂದನ್ನೂ ತಿನ್ನುವುದಿಲ್ಲವಂತೆ. ‘ಅಲ್ಲಿ ಎಲ್ಲ ಸೊಪ್ಪು ತರಕಾರಿ. ಆಕೆಗೆ ಕೇಳುವ ಕಷ್ಟವಿಲ್ಲ, ಇದರಲ್ಲೇನಿದೆ ಅದರಲ್ಲೇನಿದೆ ಎಂದು’ ಎಂದಿದ್ದ ಬೆಳಿಗ್ಗೆ ಕನ್ನಡಿಯ ಮುಂದೆ. ಆಗಲೇ ಹೊಳೆಯಬೇಕಿತ್ತು. ಸೂಪಿನ ಬಟ್ಟಲು ಬಂದು ಹಬೆ ಮುಖಕ್ಕೆ ಬಡಿದಾಗ, ಅಪ್ಪನ ಕೈ ‘ರಾತ್ರಿ ಒಬ್ಬಳೇ ಇರುವಾಗ ನಿದ್ದೆ ಬರುತ್ತದೆಯೇ ಎಂದು ಕೇಳು’ ಎಂದಾಗ, ಅವಳಿಗೆ ಹೊಳೆಯಿತು, ಇದು ಬರೀ ಊಟವಲ್ಲ.

"ರಾತ್ರಿ ಒಬ್ರೇ ಇರುವಾಗ ನಿದ್ದೆ ಬರುತ್ತಾ ನಿಮಗೆ?" ಎಂದು ಕೇಳಿದಳು. ಕೇಳು ಎಂದು ಅಪ್ಪ ಹೇಳಿದ್ದನ್ನು ಬಿಟ್ಟು, ಮಿಕ್ಕಿದ್ದನ್ನು ಅವನೇ ಕೇಳಿದಂತೆ ಕೇಳುವುದು ಕಸುಬಿನ ನಿಯಮ. ನಾನು ಎಂದರೆ ಅವನು. ಅವರು ಹೇಳುತ್ತಿದ್ದಾರೆ, ಅವರು ಕೇಳುತ್ತಿದ್ದಾರೆ ಎಂದೆಲ್ಲ ಹೇಳುವಂತಿಲ್ಲ. ದುಭಾಷಿ ಎಂಬುವಳು ಕೋಣೆಯಲ್ಲಿ ಇಲ್ಲವೇ ಇಲ್ಲ. ಕೋರ್ಟಿನಲ್ಲಿ ಅವಳು ಎಷ್ಟೋ ಸಲ ನಾನು ಕದ್ದೆ ಎಂದಿದ್ದಳು, ನಾನು ಹೊಡೆದೆ ಎಂದಿದ್ದಳು, ಆಸ್ಪತ್ರೆಯಲ್ಲಿ ನನಗೆ ಮೂರನೆಯ ತಿಂಗಳು ಎಂದಿದ್ದಳು, ಆಮೇಲೆ ಮನೆಗೆ ಬಂದು ಕೈ ತೊಳೆದುಕೊಂಡು ಹಾಯಾಗಿ ಉಂಡಿದ್ದಳು. ಇನ್ನೊಂದು ನಿಯಮವೂ ಇತ್ತು, ಮನೆಯವರಿಗೆ ಆ ಕೆಲಸ ಮಾಡಕೂಡದು ಎಂದು. ಅದನ್ನು ಬೇರೆಯವರಿಗೆ ಪಾಠ ಹೇಳುವಾಗ ಒತ್ತಿ ಒತ್ತಿ ಹೇಳುತ್ತಿದ್ದಳು.

ಆಕೆ ಅವಳ ಕಡೆ ತಿರುಗಿ ನಕ್ಕರು. ಧ್ವನಿ ಎಲ್ಲಿಂದ ಬರುತ್ತದೆಯೋ ಜನ ಆ ಕಡೆಯೇ ನೋಡುತ್ತಾರೆ. "ಬರುತ್ತೆ," ಎಂದರು ಆಕೆ, "ಎಚ್ಚರ ಆದಾಗ ಮಾತ್ರ ಕಷ್ಟ." ಅದನ್ನು ಅವಳ ಕೈ ಅಪ್ಪನಿಗೆ ಹೇಳಿತು. ಎಚ್ಚರವಾದಾಗ ಮಾತ್ರ ಕಷ್ಟ. ಪಕ್ಕದ ಮೇಜಿನಲ್ಲಿ ಇಬ್ಬರು ಗಂಡಸರು ಪಿಜ್ಜಾ ಹರಿಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ನೋಡುವವರು ಹೊಸಬರಲ್ಲ, ಬಸ್ಸಿನಲ್ಲಿ, ಶಾಲೆಯ ಗೇಟಿನಲ್ಲಿ, ಸಿನಿಮಾ ಸಾಲಿನಲ್ಲಿ ಅಪ್ಪ ಅಮ್ಮನ ಕೈ ಎದ್ದ ಕೂಡಲೇ ಕತ್ತುಗಳು ತಿರುಗುತ್ತಿದ್ದವು. ಆಗ ಅವಳು ಆ ಕತ್ತುಗಳನ್ನು ಒಂದೊಂದಾಗಿ ದುರುಗುಟ್ಟಿ ನೋಡಿ ಹಿಂದಕ್ಕೆ ತಿರುಗಿಸುತ್ತಿದ್ದಳು. ಇವತ್ತಿನ ನೋಟ ಬೇರೆ. ಅವರು ಅಪ್ಪನ ಕೈ ನೋಡುತ್ತಿರಲಿಲ್ಲ. ನಡುವಯಸ್ಸಿನ ಹೆಂಗಸೊಬ್ಬಳು ತನಗಿಂತ ಹಿರಿಯ ಹೆಂಗಸಿಗೆ ರಾತ್ರಿ ನಿದ್ದೆ ಬರುತ್ತಾ ಎಂದು ಕೇಳುವುದನ್ನು ಕೇಳಿಸಿಕೊಳ್ಳುತ್ತಿದ್ದರು.

ಅಪ್ಪ ಸೂಪು ಕುಡಿಯುವಾಗ ಸದ್ದಾಗುತ್ತದೆ. ಸದ್ದು ಎಂದರೇನೆಂದು ತಿಳಿಯದವನಿಗೆ ಸದ್ದು ಮಾಡಬೇಡ ಎಂದು ಹೇಗೆ ಹೇಳುವುದು ಎಂದು ಅವಳು ಹುಡುಗಿಯಾಗಿದ್ದಾಗ ಬಹಳ ಯೋಚಿಸಿದ್ದಳು, ಕೊನೆಗೆ ಮೊಣಕೈಯಿಂದ ಮೆಲ್ಲಗೆ ತಿವಿಯುವುದೆಂದು ಗೊತ್ತುಮಾಡಿಕೊಂಡಿದ್ದಳು. ಈಗ ಎದುರಿಗಿದ್ದಾನೆ, ತಿವಿಯಲು ಸಿಗುವುದಿಲ್ಲ. ಆಕೆ ಆ ಸದ್ದನ್ನು ಗಮನಿಸಿದಂತೆ ಕಾಣಲಿಲ್ಲ. ಗಮನಿಸಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದು ಗೊತ್ತಾಗಿ ನಾಚಿಕೆಯಾಯಿತು.

ಇನ್ನೊಂದು ತೊಡಕು ಒಳಗೊಳಗೇ ಕಾಡುತ್ತಿತ್ತು. ಅಪ್ಪನ ಬೆರಳು ಆಕೆಯ ಕಡೆ ಚಾಚಿದಾಗ ಅದು ಬರೀ ಬೆರಳು. ಅದಕ್ಕೆ ನೀನು ಗೊತ್ತಿಲ್ಲ, ನೀವು ಗೊತ್ತಿಲ್ಲ. ದೇವರ ಕಡೆ ಚಾಚಿದರೂ ಬೆಕ್ಕಿನ ಕಡೆ ಚಾಚಿದರೂ ಅದೇ ಬೆರಳು. ಅದು ಅವಳ ಬಾಯಿಗೆ ಬಂದಾಗ ಮಾತ್ರ ಯಾವುದಾದರೊಂದನ್ನು ಆರಿಸಬೇಕು. ಕೂತಾಗಿನಿಂದ ಅವಳು ನೀವು ಎಂದೇ ಹೇಳುತ್ತ ಬಂದಿದ್ದಳು, ಹಿರಿಯರು, ಹೊರಗಿನವರು, ಸರಿಯೇ. ಆದರೆ ಪಾಸ್ತಾ ಬರುವ ಹೊತ್ತಿಗೆ ಅಪ್ಪನ ಬೆರಳು ಚಾಚುವ ರೀತಿಯೇ ಬದಲಾಗಿತ್ತು. ತೋಳು ಮೇಜಿನ ಮೇಲೆಯೇ ಮಲಗಿ, ಬೆರಳ ತುದಿ ಮಾತ್ರ ಸ್ವಲ್ಪ ಎದ್ದು, ಆಕೆಯ ಲೋಟದ ಹತ್ತಿರದವರೆಗೆ ಹೋಗಿ ನಿಲ್ಲುತ್ತಿತ್ತು. ಅದು ನೀನು ಎಂಬುದು ಕೈ ಓದಬಲ್ಲ ಯಾರಿಗಾದರೂ ತಿಳಿಯುತ್ತಿತ್ತು. ಅವಳು ನೀವು ಎನ್ನುವುದನ್ನು ಬಿಡಲಿಲ್ಲ.

ಪಾಲಕ್ ತುಂಬಿ ಮಡಿಸಿದ ಸಣ್ಣ ಸಣ್ಣ ದಿಂಬಿನಂಥ ಪಾಸ್ತಾ, ಮೇಲೆ ಬೆಣ್ಣೆ. ಅಪ್ಪ ಒಂದನ್ನು ಫೋರ್ಕಿನಲ್ಲಿ ಚುಚ್ಚಿ, ತಿನ್ನದೆ ಹಾಗೇ ಕೆಳಗಿಟ್ಟ. ಕರವಸ್ತ್ರಕ್ಕೆ ಎರಡೂ ಕೈ ಒರೆಸಿಕೊಂಡ. ಮುಖ್ಯವಾದದ್ದನ್ನು ಹೇಳುವ ಮೊದಲು ಅವನು ಕೈ ಒರೆಸಿಕೊಳ್ಳುತ್ತಾನೆ, ಬೇರೆಯವರು ಗಂಟಲು ಸರಿಪಡಿಸಿಕೊಂಡ ಹಾಗೆ. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. ಓಡಿಹೋಗಬೇಕೆನ್ನಿಸಿತು, ಎಡಕ್ಕೆ ಗೋಡೆ, ಬಲಕ್ಕೆ ಆಕೆ, ಮುಂದೆ ಮೇಜು, ಮೇಜಿನಾಚೆ ಅಪ್ಪ. ಅಪ್ಪನ ಕೈಗಳು ಬೆಳಕಿನೆದುರು ಕಪ್ಪಗೆ, ನಿಧಾನವಾಗಿ ಎದ್ದವು. ಎದೆ ಮುಟ್ಟಿದವು. ಆಕೆಯ ಕಡೆ ಹೋದವು. ಆಮೇಲೆ ಎರಡೂ ಕೈಯ ಬೆರಳ ತುದಿಗಳು ಒಂದಕ್ಕೊಂದು ತಾಗಿ ಇಳಿಜಾರಾದ ಸೂರಿನಂತೆ ನಿಂತವು. ಮನೆ.

"ನಾನು..." ಎಂದಳು ಅವಳು, ಅಪ್ಪನ ಕೈಯನ್ನೇ ನೋಡುತ್ತ. "ನಾನು ನಿಮ್ಮ ಜೊತೆ ಒಂದೇ ಮನೇಲಿ ಇರ್ಬೇಕು ಅಂತ ಆಸೆ. ಮುಪ್ಪಿಗೆ ಆಸರೆ ಅಂತಲ್ಲ. ಅಡುಗೆ ನಾನೇ ಮಾಡ್ಕೋತೀನಿ. ಬೆಳಗ್ಗೆ ಕೌಂಟರ್ ಹತ್ರ ಬಂದಾಗ ನೀವು ತಲೆ ಎತ್ತಿ ನೋಡ್ತಿದ್ರಲ್ಲ, ಆ ಥರ ದಿನಾ ಯಾರಾದ್ರೂ ನೋಡ್ಲಿ ಅಂತ. ಯಾರಾದ್ರೂ ಅಲ್ಲ. ನೀವೇ."

ಇಂಥ ಮಾತನ್ನು ಅವಳಾಗಿ ಯಾರಿಗೂ ಹೇಳಿರಲಿಲ್ಲ. ಒಮ್ಮೆ ಹೇಳಬಹುದಾಗಿದ್ದ ಒಬ್ಬನಿದ್ದ. ಅವನು ಅವಳ ಮನೆಗೆ ಊಟಕ್ಕೆ ಬಂದು, ಇಡೀ ಸಂಜೆ ಅವಳು ಅಪ್ಪ ಅಮ್ಮನ ಮಾತು ದಾಟಿಸುವುದನ್ನು ನೋಡಿ, ಗೇಟಿನ ಹತ್ತಿರ ನಿಂತು, "ಇದ್ರಲ್ಲಿ ನಿನ್ನ ಮಾತು ಯಾವ್ದು ಅಂತ ಗೊತ್ತಾಗ್ಲೇ ಇಲ್ಲ" ಎಂದು ಹೇಳಿ ಹೋಗಿದ್ದ. ಅವನು ತಮಾಷೆ ಮಾಡಿದನೆಂದು ಆಗ ನಕ್ಕಿದ್ದಳು.

ಆಕೆಯ ಮುಖ ಕೆಂಪಾಗಿತ್ತು. ಬಟ್ಟಲಿನ ಅಂಚನ್ನು ಬೆರಳಿನಿಂದ ಒರೆಸಿದರು. ಆಮೇಲೆ, "ನೋಡಮ್ಮ, ಎಲ್ಲ ಒಟ್ಟಿಗೆ ಹೇಳ್ಬಿಡ್ತೀನಿ," ಎಂದರು. "ನಡುವೆ ನಿಲ್ಲಿಸಿದ್ರೆ ಮುಂದಕ್ಕೆ ಬಾಯಿ ಬರಲ್ಲ. ಪೂರ್ತಿ ಕೇಳಿಸ್ಕೊಂಡು ಆಮೇಲೆ ಅವ್ರಿಗೆ ಹೇಳಿ."

"ಹೇಳಿ," ಎಂದಳು.

"ನಾನು ಒಂಟಿಯಾಗಿದ್ದು ಅಭ್ಯಾಸ ಆಗಿರೋಳು. ಬೇರೆ ಯಾರಾದ್ರೂ ಕೇಳಿದ್ರೆ ಬೇಡ ಅಂದ್ಬಿಡ್ತಿದ್ದೆ. ಇವ್ರು ಕೇಳ್ತಾರೆ ಅಂತ ಗೊತ್ತಿತ್ತು, ಕೇಳಿದ್ರೆ ಹೂಂ ಅನ್ಬೇಕು ಅಂತಾನೇ ಬಂದೆ. ಆದ್ರೆ ಒಂದು ಮಾತು. ಇವ್ರು ನನ್ನ ಮನೆಗೆ ಬರ್ಬೇಕು, ಒಬ್ರೇ ಬರ್ಬೇಕು. ನಮ್ಮಿಬ್ಬರ ಮಧ್ಯೆ ಕೂತು ಯಾರೂ ಮಾತು ದಾಟಿಸಬಾರ್ದು. ನೀವು ತಪ್ಪು ತಿಳ್ಕೋಬೇಡಿ. ಕೂತಾಗಿಂದ ನೋಡ್ತಿದ್ದೀನಿ, ಅವ್ರು ಏನಾದ್ರೂ ಹೇಳಿದ್ರೆ ನಾನು ನಿಮ್ಮ ಮುಖ ನೋಡ್ತೀನಿ, ನಾನು ಹೇಳಿದ್ರೆ ಅವ್ರು ನಿಮ್ಮ ಕೈ ನೋಡ್ತಾರೆ. ಕ್ಲಿನಿಕ್ಕಲ್ಲಿ ಅಷ್ಟು ವರ್ಷ ನಾವು ಒಬ್ರನ್ನೊಬ್ರು ನೋಡ್ಕೊಂಡು ಮಾತಾಡಿದ್ವಿ. ಅರ್ಧ ಅರ್ಥ ಆಗ್ತಿರ್ಲಿಲ್ಲ. ಆಗ್ದೇ ಇದ್ರೆ ನಗ್ತಿದ್ವಿ. ನಂಗೆ ಅಷ್ಟು ಸಾಕು. ಅರ್ಧ ಸಾಕು." ಆಕೆ ನೀರು ಕುಡಿದರು. "ಇಷ್ಟೇ. ಹೇಳಿ."

ಅಪ್ಪ ಮುಂದಕ್ಕೆ ಬಾಗಿದ್ದ. ಅವಳ ಕೈಗಳು ಎದೆಯ ಮಟ್ಟಕ್ಕೆ ಎದ್ದು ನಿಂತವು. ಎಲ್ಲ ಮಾತೂ ಸಾಲಾಗಿ ಅವಳ ತಲೆಯಲ್ಲಿತ್ತು, ಒಂದೂ ಮರೆತಿರಲಿಲ್ಲ. ಇದಕ್ಕಿಂತ ಉದ್ದದ ಸಾಕ್ಷಿಗಳನ್ನು ಅವಳು ಅಕ್ಷರ ಬಿಡದೆ ದಾಟಿಸಿದ್ದಳು. ಹೂಂ ಎನ್ನಲು ಬೇಕಾದದ್ದು ಒಂದು ಮುಷ್ಟಿಯ ಸಣ್ಣ ಅಲುಗಾಟ, ತಲೆಯಾಡಿಸಿದ ಹಾಗೆ. ಆ ಮುಷ್ಟಿ ಕಟ್ಟಲಾಗಲಿಲ್ಲ. ಅರ್ಧ ಸಾಕು ಎಂಬ ಮಾತು ಕಿವಿಯೊಳಗೆ ಕೂತುಬಿಟ್ಟಿತ್ತು. ಅಮ್ಮನ ಜಾಗಕ್ಕೆ ಇನ್ನೊಬ್ಬಳು ಎಂಬ ಸಂಕಟವಾಗಿದ್ದರೆ ಅದಕ್ಕೊಂದು ಮರ್ಯಾದೆಯಾದರೂ ಇರುತ್ತಿತ್ತು. ಇದು ಅದಲ್ಲ. ನಡೆಯಲು ಕಲಿತಾಗಿನಿಂದ ಅವಳು ಪೂರ್ತಿಯ ಹಿಂದೆ ಬಿದ್ದಿದ್ದಳು, ಬ್ಯಾಂಕಿನಲ್ಲಿ, ಡಾಕ್ಟರ ಹತ್ತಿರ, ಅಂಗಡಿಯಲ್ಲಿ ಅಪ್ಪ ಅಮ್ಮನಿಗೆ ಒಂದು ಮಾತೂ ಕಡಿಮೆಯಾಗದ ಹಾಗೆ. ಆಟ ಬಿಟ್ಟು, ಆ ಗೇಟಿನ ಹತ್ತಿರದವನನ್ನು ಬಿಟ್ಟು. ಈಗ ಒಬ್ಬಾಕೆ ಬಂದು ಅರ್ಧ ಸಾಕು ಎನ್ನುತ್ತಾರೆ.

‘ಯೋಚಿಸಬೇಕಂತೆ,’ ಎಂದವು ಅವಳ ಕೈಗಳು. ‘ಸಮಯ ಬೇಕಂತೆ.’

ಅಪ್ಪ ಅವಳ ಕೈ ನೋಡಿದ, ಆಮೇಲೆ ಆಕೆಯ ಬಾಯಿ ನೋಡಿದ. ಜೀವಮಾನವೆಲ್ಲ ಬಾಯಿಗಳ ಒಳಹೊರಗನ್ನು ನೋಡಿದವನು. ‘ಬಹಳ ಹೊತ್ತು ಬಾಯಾಡಿಸಿದರು,’ ಎಂದ.

‘ನಯವಾಗಿ ಹೇಳಿದರು.’

‘ಇಷ್ಟವಿಲ್ಲವೇ?’

ಅವಳು ಭುಜ ಎತ್ತಿ ಇಳಿಸಿದಳು. ಕಿವಿ ಕೇಳುವವರಲ್ಲಿ ಅದು ಏನೂ ಅಲ್ಲ. ಆ ಭಾಷೆಯಲ್ಲಿ ಅದೂ ಒಂದು ಮಾತು.

ಸುಳ್ಳು ಅವಳ ಕೈಗೆ ಹೊಸದಾಗಿರಲಿಲ್ಲ. ಚಿಕ್ಕಂದಿನಲ್ಲಿ ಮನೆಯ ಮಾಲೀಕ ಬಾಗಿಲಲ್ಲಿ ನಿಂತು, ಈ ಮೂಕರಿಗೆ ಮನೆ ಕೊಟ್ಟು ತಪ್ಪು ಮಾಡಿದೆ, ರಾತ್ರಿಯೆಲ್ಲ ಪಾತ್ರೆ ಎತ್ತಿ ಹಾಕುತ್ತಾರೆ ಎಂದು ಕೂಗಾಡಿದಾಗ, ಮನೆ ಚೊಕ್ಕಟವಾಗಿ ಇಟ್ಟುಕೊಂಡಿದ್ದೀರಿ ಎನ್ನುತ್ತಿದ್ದಾರೆ ಎಂದು ಅಪ್ಪನಿಗೆ ಹೇಳಿದ್ದಳು. ಅಪ್ಪ ಖುಷಿಯಾಗಿ ಮುಂದೆ ಹೋಗಿ ಆ ಮನುಷ್ಯನ ಎರಡೂ ಕೈ ಹಿಡಿದು ಕುಲುಕಿದ್ದ. ಆ ಕುಲುಕಾಟ, ಮಾಲೀಕನ ಪೆಚ್ಚು ಮುಖ, ಅಪ್ಪನ ನಗು, ಇವತ್ತಿಗೂ ನೆನೆದರೆ ಮೈ ಕುಗ್ಗುತ್ತಿತ್ತು. ಆದರೆ ಅದು ಅಪ್ಪನಿಗೆ ನೋವಾಗದಿರಲಿ ಎಂದು ಹೇಳಿದ್ದು. ಇದು?

ಅಪ್ಪನ ಮುಖ ಸಣ್ಣದಾಯಿತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕೈಯನ್ನು ಮಡಿಲಲ್ಲಿಟ್ಟುಕೊಂಡು, ಮತ್ತೆ ಎತ್ತಿ, ಚಿಕ್ಕದಾಗಿ ಹೇಳಿದ. ಅವಳು ಅದನ್ನು ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ಆಕೆಗೆ ಮುಟ್ಟಿಸಿದಳು:

"ಕ್ಷಮಿಸಿ. ನಾನು ಕೇಳಿದ್ದೇ ತಪ್ಪಾಯ್ತು. ಮರೆತ್ಬಿಡಿ. ಊಟ ಆರ್ತಾ ಇದೆ."

ಆಕೆ ಫೋರ್ಕು ಕೈಗೆತ್ತಿಕೊಂಡರು. ಆಮೇಲೆ ತಟ್ಟೆಗೆ ಹೇಳುವ ಹಾಗೆ ಹೇಳಿದರು, "ಹಾಗಾದ್ರೆ ಮಗಳನ್ನ ಬಿಟ್ಟು ಬರಕ್ಕಾಗಲ್ಲ ಅಂತಾಯ್ತು. ಸರಿ. ಅದೂ ನ್ಯಾಯಾನೇ. ನಾನು ಹಾಗೆ ಕೇಳಬಾರ್ದಿತ್ತು." ಅವಳ ಕೈ ಎದ್ದುದನ್ನು ಕಂಡು, "ಇದನ್ನ ಹೇಳ್ಬೇಡಿ ಅಮ್ಮ" ಎಂದರು.

ಅಷ್ಟೇ ಆಯಿತು. ಇಬ್ಬರೂ ತಲೆ ತಗ್ಗಿಸಿ ತಿನ್ನತೊಡಗಿದರು. ಒಬ್ಬರು ಇನ್ನೊಬ್ಬರಿಂದ ಬೇಡ ಎನ್ನಿಸಿಕೊಂಡಿದ್ದರು, ಬೇಡ ಎಂಬ ಮಾತನ್ನು ಇಬ್ಬರಲ್ಲಿ ಯಾರೂ ಆಡಿರಲಿಲ್ಲ. ಅದು ಅವಳ ಎರಡು ಅಂಗೈಗಳ ನಡುವೆ ಹುಟ್ಟಿ ಎರಡೂ ಕಡೆಗೆ ಹೋಗಿತ್ತು. ಈಗ ಅವಳಿಗೆ ಬೇಕಾದಷ್ಟು ಬಿಡುವು. ಪಾಸ್ತಾದ ಒಂದು ದಿಂಬನ್ನು ಬಾಯಿಗಿಟ್ಟಳು. ತಣ್ಣಗಾಗಿತ್ತು, ಬೆಣ್ಣೆ ಬಿಳಿಯಾಗಿ ಹೆಪ್ಪುಗಟ್ಟಿತ್ತು. ಅಗಿದಷ್ಟೂ ಮುಗಿಯದೆ ಬಾಯಿಯಲ್ಲೇ ತಿರುಗಿತು. ನುಂಗಿದಳು. ಇನ್ನೊಂದು ತಿಂದಳು. ಎದ್ದು ಹೋಗಲು ಇನ್ನೂ ಬದನೆಕಾಯಿ ಬರಬೇಕಿತ್ತು.

ಬದನೆಕಾಯಿ ಬರಲಿಲ್ಲ, ಬರಲಿಲ್ಲ. ಅಡುಗೆಮನೆಯ ಬಾಗಿಲು ತೆರೆದಾಗೊಮ್ಮೆ ಮೂವರೂ ಆ ಕಡೆ ನೋಡಿದರು. ಆಕೆ ಕೆರೆಯ ಬಗ್ಗೆ ಏನೋ ಹೇಳಿದರು, ನೀರು ಈ ಸಲ ಮೇಲೆ ಬಂದಿದೆಯಲ್ಲ ಎಂದು. ಅವಳು ಅದನ್ನು ಅಪ್ಪನಿಗೆ ಚಾಚೂ ತಪ್ಪದೆ ಮುಟ್ಟಿಸಿದಳು. ಹೌದು ಎಂದ ಅಪ್ಪ. ಹೌದಂತೆ ಎನ್ನದೆ "ಹೌದು" ಎಂದಳು ಅವಳು. ಚೀಸು ಇಲ್ಲೇ ಮಾಡುತ್ತಾರಂತೆ. ಹೌದೇ. ಹೌದು. ಕೋರ್ಟಿನಲ್ಲೂ ಇಷ್ಟು ಶುದ್ಧವಾಗಿ ಅವಳು ಕೆಲಸ ಮಾಡಿರಲಿಲ್ಲ. ಈಗಲೇ ಹೇಳಿಬಿಡಬಹುದು ಎಂದುಕೊಂಡಳು ಒಮ್ಮೆ. ಇಲ್ಲವೇ ಬಸ್ಸಿನಲ್ಲಿ ಹೋಗುವಾಗ, ಮನೆಗೆ ಹೋದ ಮೇಲೆ, ಅಪ್ಪನಿಗೆ ಮೆಲ್ಲಗೆ, ಆಕೆ ಹೀಗೂ ಹೇಳಿದರು ಎಂದು ಸೇರಿಸಬಹುದು. ಸೇರಿಸುವುದಿಲ್ಲ ಎಂಬುದು ಆಗಲೇ ಗೊತ್ತಿತ್ತು. ಸಂಜೆ ಅಪ್ಪ ಅಂಗಿ ಬಿಚ್ಚಿ ಮಡಿಸಿಟ್ಟು ಟೀವಿಯ ಮುಂದೆ ಕೂರುತ್ತಾನೆ, ಅವಳು ಕೆಳಗೆ ಓಡುವ ಅಕ್ಷರಗಳು ಸರಿಯಾಗಿವೆಯೇ ನೋಡುತ್ತಾಳೆ. ನಾಳೆಯೂ. ಅವಳಿಗೆ ಹಾಗೆ ಬೇಕಿತ್ತೇ? ಬೇಕಿರಲಿಲ್ಲ. ಬೇಡದ್ದನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದ್ದಳು.

ಕೊನೆಗೆ ಬಂತು, ಮಣ್ಣಿನ ತಟ್ಟೆಯಲ್ಲಿ ಕುದಿಯುತ್ತ, ಮೇಲೆ ಕಂದುಬಣ್ಣಕ್ಕೆ ತಿರುಗಿದ ಚೀಸು. "ತಟ್ಟೆ ಬಿಸಿ ಇದೆ, ಸರ್‌ಗೆ ಹೇಳಿ," ಎಂದ ಮಾಣಿ. ಹೇಳಿದಳು. ಅಪ್ಪ ತಲೆಯಾಡಿಸಿ ತಲೆ ಎತ್ತದೆ ಕೂತ. ಅವನು ಹಾಗೆ ಕಣ್ಣು ತಗ್ಗಿಸಿದನೆಂದರೆ ಬಾಗಿಲು ಮುಚ್ಚಿದ ಹಾಗೆ; ಅಮ್ಮ ಹೋದ ಮೇಲೆ ಬಹಳ ದಿನ ಹೀಗೇ ಕೂರುತ್ತಿದ್ದ, ಎದುರಿಗೆ ನಿಂತು ಕೈ ಬೀಸಿದರೂ ನೋಡುತ್ತಿರಲಿಲ್ಲ.

ಆಗ ಆಕೆ ಒಂದು ಕೆಲಸ ಮಾಡಿದರು. ಚಮಚ ಕೆಳಗಿಟ್ಟು, ಕೈಯನ್ನು ದವಡೆಯ ಹತ್ತಿರ ತಂದು, ಎರಡು ಬೆರಳಿಂದ ಮುಂದಿನ ಹಲ್ಲನ್ನು ಹಿಡಿದು ಅಲ್ಲಾಡಿಸಿದ ಹಾಗೆ ಮಾಡಿ, ಕಣ್ಣರಳಿಸಿ, ಬಿಸಿ ತಟ್ಟೆಯ ಕಡೆ ತೋರಿಸಿದರು. ಅದು ಯಾವ ಸನ್ನೆ ಭಾಷೆಯೂ ಅಲ್ಲ. ಕೌಂಟರಿನ ಮೇಲೆ ಯಾವತ್ತೋ ಹುಟ್ಟಿದ ಇಬ್ಬರ ತಮಾಷೆಯಿರಬೇಕು, ಹಲ್ಲು ಬಿದ್ದೀತು ಜೋಪಾನ ಎಂದೋ, ಬೇರೇನೋ. ಅವಳಿಗೆ ಅರ್ಥವಾಗಲಿಲ್ಲ. ಅವಳಿಗೆ ಅರ್ಥವಾಗದ ಒಂದು ಕೈ ಅಪ್ಪನ ಕಡೆ ಚಾಚಿತ್ತು. ಅಪ್ಪ ನೋಡಲಿಲ್ಲ. ಕೈ ಗಾಳಿಯಲ್ಲಿ ಹಾಗೇ ಇತ್ತು, ಉತ್ತರವಿಲ್ಲದೆ, ಕಣ್ಣರಳಿಸಿದ್ದ ಮುಖ ಮೆಲ್ಲಗೆ ಮಾಮೂಲಿಗೆ ಬರುತ್ತಿತ್ತು. ಅಷ್ಟು ವಯಸ್ಸಾದ ಮುಖ ನಾಚಿಕೆಪಡುವುದನ್ನು ಅವಳು ಅಷ್ಟು ಹತ್ತಿರದಿಂದ ನೋಡಬೇಕಾಯಿತು. ಅವಳ ಅಂಗೈ ತಾನಾಗಿಯೇ ಮೇಜನ್ನು ಬಡಿಯಿತು. ಲೋಟಗಳು ಅದುರಿದವು. ಅದುರಿದ್ದು ಮೊಣಕೈಗೆ ತಾಗಿ ಅಪ್ಪ ತಲೆ ಎತ್ತಿದ. ಎತ್ತಿದವನು ನೋಡಿದ್ದು ಆಕೆಯನ್ನಲ್ಲ. ಅವಳನ್ನು. ಏನು ಹೇಳಿದರು, ಎಂದು ಅವನ ಹುಬ್ಬುಗಳು ಅವಳನ್ನೇ ಕೇಳಿದವು.

"ನಾನು ಸರಿಯಾಗಿ ಹೇಳ್ಲಿಲ್ಲ," ಎಂದಳು. ಬಾಯಿಯೂ ಕೈಯೂ ಒಟ್ಟಿಗೇ ಹೇಳಿದವು. ಎರಡನ್ನೂ ಒಟ್ಟಿಗೆ ಬಳಸಿದರೆ ಎರಡೂ ಕೆಡುತ್ತವೆ ಎಂದು ಪಾಠ ಹೇಳುತ್ತಿದ್ದವಳು.

ಆಕೆ ಅಪ್ಪನ ಕಡೆ ತಿರುಗಿದರು. "ಏನು ಸರಿಯಾಗಿ ಹೇಳ್ಲಿಲ್ಲ ನೀವು?" ಎಂದು ಅವನನ್ನೇ ಕೇಳಿದರು.

"ಅವರಲ್ಲ. ನಾನು."

"ಅದೇ, ಏನು ಹೇಳ್ಲಿಲ್ಲ ಅಂತಾರೆ?"

"ಮೇಡಂ, ಇದು ಅಪ್ಪನ ಮಾತಲ್ಲ. ಈಗ ಮಾತಾಡ್ತಿರೋದು ನಾನು. ನಾನು." ಎದೆ ಮುಟ್ಟಿಕೊಂಡಳು. ಆ ಮಧ್ಯಾಹ್ನ ಎಷ್ಟೋ ಸಲ ಆಡಿದ್ದ ಮಾತು, ಈಗ ಅದು ಅಂಟಿಕೊಳ್ಳಲು ಜಾಗವಿಲ್ಲದೆ ಒದ್ದಾಡುತ್ತಿತ್ತು. "ನೀವು ಹೂಂ ಅಂದಿದ್ದನ್ನ ನಾನು ಅವ್ರಿಗೆ ಹೇಳ್ಲೇ ಇಲ್ಲ. ಸಮಯ ಬೇಕಂತೆ ಅಂದೆ. ಬೇಡ ಅನ್ನೋ ಥರ ಅಂದೆ."

ಪಕ್ಕದ ಮೇಜಿನವರು ತಿನ್ನುವುದನ್ನು ಮತ್ತೆ ನಿಲ್ಲಿಸಿದ್ದರು. ಆಕೆ ಚಮಚವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಮೆತ್ತಗೆ, ಆದರೆ ಎಳ್ಳಷ್ಟೂ ಕರಗದೆ ಹೇಳಿದರು, "ಈಗ ಹೇಳಿ."

ಹೇಳಿದಳು. ಮೊದಲಿನಿಂದ, ಒಂಟಿಯಾಗಿದ್ದು ಅಭ್ಯಾಸವಾದವಳು ಎಂಬಲ್ಲಿಂದ. ಒಬ್ಬನೇ ಬರಬೇಕು ಎಂದಿದ್ದು. ನಡುವೆ ಕೂತು ಯಾರೂ ಮಾತು ದಾಟಿಸಬಾರದು ಎಂದಿದ್ದು. ಯಾರೂ ಎಂಬಲ್ಲಿ ತಯಾರಿಲ್ಲದೆ ಅವಳ ಕೈ ತನ್ನ ಕಡೆಯೇ ತೋರಿಸಿತು. ಅರ್ಧ ಸಾಕು ಎಂದಿದ್ದು. ಕೊನೆಗೆ ಹೂಂ. ಮುಷ್ಟಿ ಕಟ್ಟಿ ಅಲುಗಿಸಿದಳು.

ಅಪ್ಪನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಅವಳು ಅದಕ್ಕೆ ಸಿದ್ಧಳಾಗಿದ್ದಳು. ಅವನು ಅವಳ ಕೈಗಳನ್ನೇ ನೋಡುತ್ತಿದ್ದ, ಅವು ನಿಂತ ಮೇಲೂ, ಗುರುತಿನವರೊಬ್ಬರನ್ನು ಜನಸಂದಣಿಯಲ್ಲಿ ಕಂಡು ಅವರೇ ಹೌದೋ ಅಲ್ಲವೋ ಎಂದು ನೋಡುವ ಹಾಗೆ. ಆಮೇಲೆ ಕರವಸ್ತ್ರಕ್ಕೆ ಕೈ ಒರೆಸಿಕೊಂಡ.

‘ಆಸ್ಪತ್ರೆಯಲ್ಲಿ,’ ಎಂದ, ‘ನಿನ್ನ ಅಮ್ಮನ ವಿಷಯ ಡಾಕ್ಟರು ಹೇಳಿದ್ದನ್ನು ಸರಿಯಾಗಿ ಹೇಳಿದ್ದೆಯಾ?’

ಅವತ್ತು ಅಮ್ಮ ದಿಂಬಿಗೊರಗಿ ಕೂತಿದ್ದಳು. ಡಾಕ್ಟರು ಗೋಡೆಯ ಕಡೆ ನೋಡುತ್ತ ಇನ್ನು ಮಾಡುವುದಕ್ಕೇನೂ ಉಳಿದಿಲ್ಲ ಎಂದಿದ್ದರು, ಅದನ್ನು ಅಮ್ಮನಿಗೆ ಹೇಳಿದ್ದು ಈ ಕೈಗಳೇ. ಮಾತು ಮೆತ್ತಗೆ ಮಾಡದೆ, ಒಂದನ್ನೂ ಬಿಡದೆ ಹೇಳಿದ್ದಳು. ಅಮ್ಮ ಅವಳ ಬೆರಳುಗಳನ್ನು ಹಿಡಿದು ಸಾಕು ಎಂಬಂತೆ ಮಡಿಸಿದ್ದಳು. ಅದೊಂದನ್ನು ಅಷ್ಟು ನಿಜವಾಗಿ ಹೇಳಬಾರದಿತ್ತೇನೋ ಎಂದು ಅವಳು ಅವತ್ತಿನಿಂದ ಸವೆದಿದ್ದಳು. ಈಗ ಅಪ್ಪ ಅದನ್ನೇ ನಿಜವಾಗಿತ್ತೇ ಎಂದು ಕೇಳುತ್ತಿದ್ದಾನೆ.

‘ಸರಿಯಾಗಿಯೇ ಹೇಳಿದ್ದೆ.’

ಅಪ್ಪ ತಲೆಯಾಡಿಸಿದ. ನಂಬಿ ಆಡಿಸಿದನೋ, ಇನ್ನು ತಿಳಿಯಲು ದಾರಿಯಿಲ್ಲವೆಂದು ಆಡಿಸಿದನೋ.

"ಏನಂದ್ರು?" ಎಂದು ಕೇಳಿದರು ಆಕೆ.

"ಅದು ನಮ್ಮಮ್ಮನ ವಿಷ್ಯ," ಎಂದಳು. "ನಿಮಗಲ್ಲ."

ಅಪ್ಪ ಎದ್ದ. ಕುರ್ಚಿ ನೆಲಕ್ಕೆ ಉಜ್ಜಿ ಕಿರ್ರೆಂದಿತು, ಎಲ್ಲರೂ ತಿರುಗಿದರು, ಅವನಿಗೆ ತಿಳಿಯಲಿಲ್ಲ. ಮೇಜು ಸುತ್ತಿ ಆಕೆಯ ಹತ್ತಿರ ಬಂದು, ಗಾಜಿನ ಬಾಗಿಲಿನ ಕಡೆ ಕೈ ತೋರಿಸಿದ. ಹೊರಗೆ ಹೋಗೋಣ ಎಂಬುದಕ್ಕೆ ಯಾರ ಸಹಾಯವೂ ಬೇಕಿರಲಿಲ್ಲ. ಆಕೆ ಎದ್ದರು. ಬೆಂಚಿನ ಹೊರತುದಿ ಖಾಲಿಯಾಯಿತು. ಅವಳು ಅಲ್ಲೇ ಒಳತುದಿಯಲ್ಲೇ ಕೂತಳು.

ಗಾಜಿನಾಚೆ ಇಬ್ಬರೂ ಕಟ್ಟೆಯಂಚಿನ ಕಟಕಟೆಗೆ ಆತು ಎದುರುಬದುರು ನಿಂತರು. ಬೆಳಕು ಈಗ ಅವರ ಮುಖದ ಮೇಲಿತ್ತು, ಅಪ್ಪನ ಒಂದೊಂದು ಬೆರಳೂ ಸ್ಪಷ್ಟವಾಗಿ ಕಾಣುತ್ತಿತ್ತು. ನಿನ್ನ ಮನೆ ದೂರವೇ, ಎಂದು ಕೇಳಿದ ಅಪ್ಪ. ಆಕೆಗೆ ತಿಳಿಯಲಿಲ್ಲ, ದೋಣಿಯ ಬಗ್ಗೆ ಎಂದುಕೊಂಡು ನೀರಿನ ಕಡೆ ತೋರಿಸಿದರು. ಅಪ್ಪ ಅಲ್ಲ ಎಂದು ಕೈಯಾಡಿಸಿ, ಮನೆ ಎಂದು ಸೂರು ಮಾಡಿ ತೋರಿಸಿ, ನಡೆಯುವ ಹಾಗೆ ಎರಡು ಬೆರಳನ್ನು ಕಟಕಟೆಯ ಮೇಲೆ ಓಡಿಸಿದ. ಆಕೆ ತಪ್ಪಾಗಿಯೇ ಏನೋ ಉತ್ತರ ಕೊಟ್ಟರು. ಮನೆ ದೂರವೇ ಎಂದು ಕೇಳ್ತಿದ್ದಾರೆ, ಎಂದು ಒಳಗೆ ಕೂತ ಅವಳ ತುಟಿಗಳು ಆಡಿದವು. ಗಾಜಿನಾಚೆ ಯಾರಿಗೂ ಕೇಳಿಸುವಂತಿರಲಿಲ್ಲ.

ಅವಳು ಬೆಳೆದ ಮನೆಯಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ಅಪ್ಪ ಅಮ್ಮ ಜಗಳವಾಡಿದರೂ, ಒಬ್ಬರಿಗೊಬ್ಬರು ಮುದ್ದಿನ ಮಾತಾಡಿದರೂ, ದೀಪ ಉರಿಯುತ್ತಿದ್ದರೆ ಸಾಕು, ಕೋಣೆಯ ಯಾವ ಮೂಲೆಯಲ್ಲಿದ್ದರೂ ಅವಳಿಗೆ ಎಲ್ಲ ಕಾಣುತ್ತಿತ್ತು. ಪಿಸುಮಾತಾಡಲು ಅವರಿಗೆ ಬರುತ್ತಿರಲಿಲ್ಲ. ಬೇಕೆಂದೂ ಅವರಿಗೆ ಅನ್ನಿಸಿದಂತಿರಲಿಲ್ಲ.

ಅಪ್ಪ ಗಾಜಿನ ಕಡೆ ನೋಡಿದ. ಅವಳು ನೋಡುತ್ತಿರುವುದನ್ನು ನೋಡಿದ. ಒಂದು ಗಳಿಗೆ ಅವನ ಕೈ ಎದ್ದೇ ಇತ್ತು, ಏನೋ ಹೇಳುವುದರ ನಡುವೆ. ಆಮೇಲೆ ಅವನು ಮೆಲ್ಲಗೆ, ಆಕೆಯನ್ನೂ ತೋಳು ಹಿಡಿದು ತಿರುಗಿಸಿಕೊಂಡು, ಅವಳಿಗೆ ಬೆನ್ನು ಹಾಕಿ ನಿಂತ.

ಹೊಸ ಅಂಗಿಯ ಬೆನ್ನು ಬಿಳಿಯಾಗಿ ಅಗಲವಾಗಿತ್ತು. ಅದರ ಎರಡೂ ಪಕ್ಕದಲ್ಲಿ ಅವನ ಮೊಣಕೈಗಳು ಮಾತ್ರ ಕಾಣುತ್ತಿದ್ದವು, ಒಂದು ಮೇಲೆದ್ದು, ಇನ್ನೊಂದು ಇಳಿದು, ಎರಡೂ ಹತ್ತಿರ ಬಂದು. ಮೊಣಕೈಯಿಂದ ಯಾವ ಮಾತನ್ನೂ ಓದಲಾಗುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ಓದುತ್ತಲೇ ಕೂತಿದ್ದಳು.